ಯುವಿ ಫ್ಲಾಟ್‌ಬೆಡ್ ಮಶೀನ್ ಹಾಕುವವರಿಗೆ: ಕೊಳ್ಳುವ ಮುಂಚೆ, ಕೊಂಡ ಮೇಲೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪ್ರಿಂಟಿಂಗ್ ಅಂಗಡಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಫ್ಲೆಕ್ಸ್ ಕೆಲಸ ಮೊದಲಿನಂತಿಲ್ಲ, ಯುವಿ ಫ್ಲಾಟ್‌ಬೆಡ್ ಹಾಕೋಣ ಅಂತಿದ್ದೇವೆ. ಎಲ್ಲಿಂದ ಶುರು ಮಾಡೋದು?" ಪ್ಲಾಸ್ಟಿಕ್ ಫ್ಲೆಕ್ಸ್ ಬ್ಯಾನರಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಹಾಗಾಗಿ ಬೇರೆ ದಾರಿ ಹುಡುಕುವುದು ಸರಿಯೇ. ಆದರೆ ಹಲಗೆ, ಗಾಜು, ಕಲ್ಲಿನ ಮೇಲೆ ನೇರವಾಗಿ ಪ್ರಿಂಟ್ ಮಾಡುವ ಈ ಯುವಿ ಫ್ಲಾಟ್‌ಬೆಡ್ ಇನ್ನೊಂದು ಫ್ಲೆಕ್ಸ್ ಮಶೀನ್ ಅಲ್ಲ. ಕೆಲಸದ ರೀತಿಯೇ ಬೇರೆ. ಅದನ್ನು ತಿಳಿದುಕೊಂಡು ಕೈ ಹಾಕಿದರೆ ಒಳ್ಳೆಯದು.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ಫ್ಲೆಕ್ಸ್ ಮಶೀನಿನ ಸಾಲ್ವೆಂಟ್ ಇಂಕು ಆವಿಯಾಗಿ ಒಣಗುತ್ತದೆ. ಯುವಿ ಇಂಕು ಹಾಗೆ ಒಣಗುವುದಿಲ್ಲ. ಅದರ ಮೇಲೆ ನೇರಳಾತೀತ ಬೆಳಕು ಬಿದ್ದ ತಕ್ಷಣ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುತ್ತದೆ. ಇದಕ್ಕೆ ಕ್ಯೂರಿಂಗ್ ಎನ್ನುತ್ತಾರೆ. ಇಂಕು ಚಿಮ್ಮಿಸುವ ಹೆಡ್ಡಿನ ಪಕ್ಕದಲ್ಲೇ ಎಲ್‌ಇಡಿ ದೀಪ ಇರುತ್ತದೆ. ಅದರ ಬೆಳಕು ಸಾಮಾನ್ಯವಾಗಿ 385 ಅಥವಾ 395 ನ್ಯಾನೋಮೀಟರಿನದು. ಹಲಗೆ, ಗಾಜು, ಕಲ್ಲು ಯಾವುದೇ ಇರಲಿ, ಮೇಜಿನ ಮೇಲೆ ಅಲ್ಲಾಡದೆ ಮಲಗಿರುತ್ತದೆ. ಹೆಡ್ಡು ಅದರ ಮೇಲೆ ಓಡಾಡುತ್ತದೆ. ಆ ಮೇಜೇ ಬೆಡ್.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಯುವಿ ಇಂಕು ವಸ್ತುವಿನ ಒಳಗೆ ಇಳಿಯುವುದು ಕಡಿಮೆ, ಮೇಲೆ ಕೂರುವುದೇ ಜಾಸ್ತಿ. ಪ್ರಿಂಟ್ ಎಲ್ಲದರ ಮೇಲೂ ಬರುತ್ತದೆ, ಮಾರುವವರು ತೋರಿಸುವುದೂ ಅದನ್ನೇ. ಆದರೆ ಬಂದದ್ದು ಅಂಟಿಕೊಂಡು ಉಳಿಯುತ್ತದೆಯೇ ಅನ್ನುವುದೇ ನಿಮ್ಮ ವ್ಯಾಪಾರ. ಗಿರಾಕಿ ವಾಪಸ್ ಬರುವುದು ಬಣ್ಣ ಚೆನ್ನಾಗಿಲ್ಲ ಅಂತಲ್ಲ, ಬಣ್ಣ ಎದ್ದು ಬಂತು ಅಂತ.

ಹಂತ 1: ಮೊದಲು ಕೆಲಸ ಹುಡುಕಿ, ಆಮೇಲೆ ಮಶೀನ್

ಒಂದು ಹಾಳೆ ತಗೊಂಡು ನಿಮ್ಮ ಊರಿನಲ್ಲಿ ಯಾರು ಏನು ಪ್ರಿಂಟ್ ಮಾಡಿಸುತ್ತಾರೆ ಬರೆಯಿರಿ. ಮನೆ ಹೆಸರಿನ ಫಲಕ, ಶಾಲಾ ಕಾಲೇಜಿನ ನೆನಪಿನ ಕಾಣಿಕೆ, ಟ್ರೋಫಿ, ದೇವರ ಕೋಣೆಯ ಟೈಲ್ಸ್, ಕಚೇರಿಯ ಗಾಜಿನ ಪಾರ್ಟಿಶನ್ ಇವು ಎಲ್ಲ ಊರಲ್ಲೂ ಇವೆ. ನಮ್ಮ ಭಾಗಕ್ಕೆ ವಿಶೇಷವಾದ ಕೆಲಸವೂ ಇದೆ. ವಾಡಿ, ಮಳಖೇಡ, ಸೇಡಂ ಸಿಮೆಂಟ್ ಕಾರ್ಖಾನೆಗಳಿಗೆ ಸುರಕ್ಷತಾ ಫಲಕಗಳು ಬೇಕು. ಕಲಬುರಗಿಯ ಕಪನೂರ, ಬೀದರಿನ ಕೊಳಾರ, ಯಾದಗಿರಿಯ ಕಡೇಚೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಪ್ಯಾನಲ್ ಬೋರ್ಡ್ ಮೇಲಿನ ಅಲ್ಯೂಮಿನಿಯಂ ಪಟ್ಟಿ, ಯಂತ್ರದ ಹೆಸರಿನ ತಗಡು ಬೇಕು. ಬೀದರಿನಲ್ಲಿ ಬಿದರಿ ಸಾಮಾನು ಇಡುವ ಮರದ ಪೆಟ್ಟಿಗೆಗಳಿಗೆ ಅಂದದ ಮುಚ್ಚಳ ಬೇಕು. ಬಿದರಿ ಪಾತ್ರೆಯ ಮೇಲೇ ಪ್ರಿಂಟ್ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ ದಯವಿಟ್ಟು ಒಪ್ಪಬೇಡಿ. ಬೆಳ್ಳಿ ಕೂರಿಸುವ ಕುಶಲಕರ್ಮಿಯ ಕೆಲಸಕ್ಕೆ ಅದು ಅನ್ಯಾಯ.

ಅಂಗಡಿ ಬೋರ್ಡಿನ ಕೆಲಸವೂ ಇದೆ. 2024ರ ತಿದ್ದುಪಡಿ ಕಾನೂನಿನ ಪ್ರಕಾರ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಡಿಸೈನ್ ಮಾಡುವಾಗಲೇ ಗಿರಾಕಿಗೆ ಇದನ್ನು ಹೇಳಿಬಿಡಿ.

ಈ ಪಟ್ಟಿಯಲ್ಲಿ ತಿಂಗಳಿಗೆ ಖಚಿತವಾಗಿ ಬರುವ ಕೆಲಸ ಎಷ್ಟು? ಮೊದಲ ಕೆಲವು ತಿಂಗಳು ಆರ್ಡರ್ ಹಿಡಿದು ಹೈದರಾಬಾದಿನಲ್ಲಿ ಜಾಬ್‌ವರ್ಕ್ ಮಾಡಿಸಿ, ಅಂದರೆ ಬೇರೆಯವರ ಮಶೀನಿನಲ್ಲಿ ದುಡ್ಡು ಕೊಟ್ಟು ಪ್ರಿಂಟ್ ಮಾಡಿಸಿ. ಲಾಭ ಕಡಿಮೆ ಸಿಗುತ್ತದೆ. ಆದರೆ ಯಾವ ಅಳತೆಯ, ಯಾವ ವಸ್ತುವಿನ ಕೆಲಸ ನಿಮಗೆ ಬರುತ್ತದೆ ಅಂತ ಗೊತ್ತಾಗುತ್ತದೆ. ಮಶೀನಿನ ಸೈಜ್ ನಿರ್ಧಾರ ಆಗಬೇಕಾದ್ದು ಇದರಿಂದಲೇ.

ಹಂತ 2: ಮಶೀನ್ ಆರಿಸುವುದು

ಮೂರು ಗುಂಪು ಇವೆ. ಎ3 ಸೈಜಿನ ಸಣ್ಣದು ಪೆನ್ನು, ಮೊಬೈಲ್ ಕವರ್, ಸಣ್ಣ ಕಾಣಿಕೆಗೆ. 6090 ಅಂದರೆ 60 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದ, ಸುಮಾರು 2 ಅಡಿಗೆ 3 ಅಡಿ. ಹೆಸರಿನ ಫಲಕ, ಟ್ರೋಫಿ, ಟೈಲ್ಸಿಗೆ ಇದು ಸಾಕು. 2513 ಅಂದರೆ 2.5 ಮೀಟರಿಗೆ 1.3 ಮೀಟರ್. ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವ ಹಾಳೆ), ಅಕ್ರಿಲಿಕ್, ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಹಾಳೆಗಳು 8 ಅಡಿಗೆ 4 ಅಡಿ ಬರುತ್ತವಲ್ಲ, ಪೂರ್ತಿ ಹಾಳೆ ಇದರಲ್ಲಿ ಕೂರುತ್ತದೆ. ಸಣ್ಣ ಮಶೀನ್ ಕೆಲವೇ ಲಕ್ಷದಲ್ಲಿ ಸಿಗುತ್ತದೆ, ದೊಡ್ಡದಕ್ಕೆ ಹತ್ತಾರು ಲಕ್ಷ ಬೇಕು. ಹೆಚ್ಚಿನ ಹೊಸಬರಿಗೆ 6090 ಸರಿಯಾದ ಆರಂಭ ಅಂತ ನನ್ನ ಅಭಿಪ್ರಾಯ. 8x4 ಕೆಲಸ ವಾರಕ್ಕೊಂದು ಬಂದರೆ ಹೊರಗೆ ಮಾಡಿಸಬಹುದು. ವಾರಕ್ಕೊಂದು ಕೆಲಸಕ್ಕಾಗಿ ದೊಡ್ಡ ಮಶೀನಿನ ಕಂತು ಕಟ್ಟುವುದು ಬೇಡ.

ಮಶೀನಿನ ಹೃದಯ ಹೆಡ್ಡು. ಇಂಕಿನ ಹನಿ ಚಿಮ್ಮಿಸುವ ಭಾಗ ಇದು. ಎಕ್ಸ್‌ಪಿ600 ಅಗ್ಗ, ಆದರೆ ಆಯಸ್ಸು ಕಡಿಮೆ. ಎಪ್ಸನ್ ಐ3200 ನಡುವಿನದು. ರಿಕೋ ಜೆನ್5, ಜೆನ್6 ದುಬಾರಿ, ಆದರೆ ದಿನವಿಡೀ ಓಡುವ ಕಾರ್ಖಾನೆ ಕೆಲಸಕ್ಕೆ ಬಾಳಿಕೆ ಬರುತ್ತವೆ. ಹೆಡ್ಡಿಗೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ. ಮಾರುವವರು ಬಾಯಲ್ಲಿ ಏನೇ ಹೇಳಲಿ, ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ಹೊಸ ಹೆಡ್ಡಿನ ಬೆಲೆ ಎಷ್ಟು, ಸರ್ವಿಸ್ ಇಂಜಿನಿಯರ್ ಎಲ್ಲಿಂದ ಬರುತ್ತಾರೆ, ಎಷ್ಟು ಗಂಟೆಯಲ್ಲಿ ಬರುತ್ತಾರೆ, ಅವರ ಓಡಾಟದ ಖರ್ಚು ಯಾರದು ಅನ್ನುವುದೂ ಅದರಲ್ಲೇ ಇರಲಿ.

ಡೆಮೋಗೆ ಹೋಗುವಾಗ ಬರಿಗೈಲಿ ಹೋಗಬೇಡಿ. ನಿಮ್ಮ ಗಾಜು, ನಿಮ್ಮ ಎಸಿಪಿ, ನಿಮ್ಮ ಕಲ್ಲು, ನಿಮ್ಮ ಕನ್ನಡ ಫೈಲ್ ಒಯ್ಯಿರಿ. ಪ್ರಿಂಟ್ ಮಾಡಿಸಿ ಊರಿಗೆ ತಂದು ಮರುದಿನ ಪರೀಕ್ಷಿಸಿ. ಪರೀಕ್ಷೆ ಹೇಗೆ ಅಂತ 5ನೇ ಹಂತದಲ್ಲಿದೆ. ಹಳೇ ಮಶೀನ್ ಕೊಳ್ಳುವುದಾದರೆ ನಿಮ್ಮ ಎದುರೇ ನಾಝಲ್ ಚೆಕ್ ತೆಗೆಸಿ. ಹೆಡ್ಡಿನ ಪ್ರತಿ ತೂತಿನಿಂದ ಇಂಕು ಬರುತ್ತಿದೆಯೇ ಅಂತ ಸಣ್ಣ ಗೆರೆಗಳಲ್ಲಿ ತೋರಿಸುವ ಪ್ರಿಂಟ್ ಅದು. ಬಿಳಿ ಬಣ್ಣದ ಗೆರೆಗಳನ್ನು ಕಪ್ಪು ಹಾಳೆಯ ಮೇಲೆ ತೆಗೆಸಿ. ಬಿಳಿ ಹಾಳೆ ಮೇಲೆ ತೆಗೆದು ತೋರಿಸಿದರೆ ತುಂಡಾದ ಗೆರೆ ಕಾಣುವುದಿಲ್ಲ.

ಸಾಲದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆಗೆ ಸಬ್ಸಿಡಿ ಇದೆ. ಆದರೆ ಅದು ಹೊಸ ಘಟಕಕ್ಕೆ ಮಾತ್ರ. ಈಗಾಗಲೇ ನಡೆಯುತ್ತಿರುವ ಅಂಗಡಿಯ ಹೆಸರಲ್ಲಿ ಅರ್ಜಿ ಹಾಕಿ ತಿರಸ್ಕಾರ ಆಗುವುದು ಸಾಮಾನ್ಯ ತಪ್ಪು. ಸಾಲ ಮಂಜೂರಾಗುವ ಮುಂಚೆ ಮಶೀನಿಗೆ ಅಡ್ವಾನ್ಸ್ ಕೊಡಬೇಡಿ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ನಿಮ್ಮ ಕೆಲಸ ಯಾವ ಗುಂಪಿಗೆ ಸೇರುತ್ತದೆ ಎಂದು ಕೇಳಿಯೇ ಯೋಜನಾ ವರದಿ ಬರೆಸಿ. ಜಿಎಸ್‌ಟಿ ನೋಂದಣಿ ಇದ್ದರೆ ಮಶೀನಿನ ಮೇಲೆ ಕಟ್ಟಿದ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಕಾಂಪೋಸಿಶನ್ ಪದ್ಧತಿಯಲ್ಲಿ (ವಹಿವಾಟಿನ ಮೇಲೆ ಒಂದೇ ಸಣ್ಣ ದರದ ತೆರಿಗೆ ಕಟ್ಟುವ ಪದ್ಧತಿ) ಇರುವವರಿಗೆ ಇದು ಸಿಗುವುದಿಲ್ಲ.

ಹಂತ 3: ಕೋಣೆ, ಕರೆಂಟು, ಬಿಸಿಲು

ನಮ್ಮ ಭಾಗದ ಬೇಸಿಗೆ ನಿಮಗೆ ಗೊತ್ತೇ ಇದೆ. ಕಲಬುರಗಿ, ಯಾದಗಿರಿಯಲ್ಲಿ 40 ಡಿಗ್ರಿ ದಾಟುತ್ತದೆ. ಬೀದರ್ ಎತ್ತರದಲ್ಲಿರುವುದರಿಂದ ಸ್ವಲ್ಪ ವಾಸಿ. ಈ ಮಶೀನಿಗೆ 20ರಿಂದ 28 ಡಿಗ್ರಿ ಉಷ್ಣತೆ ಬೇಕು. ಗಾಳಿಯಲ್ಲಿ ಶೇ 40ರಿಂದ 60 ತೇವ ಬೇಕು. ಶಾಖ ಜಾಸ್ತಿಯಾದರೆ ಇಂಕು ತೆಳುವಾಗಿ ಹನಿ ಚದುರುತ್ತದೆ. ಗಾಳಿ ಒಣಗಿದರೆ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಅಕ್ರಿಲಿಕ್ ಮೇಲಿನ ಫಿಲ್ಮ್ ಕಿತ್ತಾಗ ಕೈಕೂದಲು ಎದ್ದು ನಿಲ್ಲುತ್ತದಲ್ಲ, ಅದೇ. ಅದಿದ್ದರೆ ಅಕ್ಷರದ ಸುತ್ತ ಇಂಕಿನ ಮಂಜು ಕೂರುತ್ತದೆ, ಧೂಳೂ ಸೆಳೆಯುತ್ತದೆ. ಹಾಗಾಗಿ ಎಸಿ ಕಡ್ಡಾಯ. ಮಾರ್ಚ್‌ನಿಂದ ಮೇವರೆಗೆ ತೇವ ಕೊಡುವ ಹ್ಯುಮಿಡಿಫೈಯರ್ ಕೂಡ ಬೇಕು. ಗೋಡೆಗೆ ತೇವ ತೋರಿಸುವ ಸಣ್ಣ ಮೀಟರ್ ಹಾಕಿ, ಅದರ ಬೆಲೆ ಹೆಚ್ಚಿಲ್ಲ. ಏರ್ ಕೂಲರ್ ಮಾತ್ರ ಆ ಕೋಣೆಗೆ ಬೇಡ. ಅದು ತೇವದ ಜೊತೆಗೆ ಹೊರಗಿನ ಧೂಳನ್ನೂ ಒಳಗೆ ತಳ್ಳುತ್ತದೆ.

ಕಿಟಕಿಯ ಬಿಸಿಲು ಹೆಡ್ಡಿನ ಮೇಲೆ ಬೀಳಬಾರದು. ಬಿಸಿಲಿನಲ್ಲೂ ನೇರಳಾತೀತ ಕಿರಣ ಇದೆ, ತೂತಿನೊಳಗಿನ ಇಂಕು ಅಲ್ಲೇ ಗಟ್ಟಿಯಾಗಿಬಿಡುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿ. ಇಂಕಿನ ಬಾಟಲಿಯನ್ನು ತಂಪಾದ ಕತ್ತಲೆ ಜಾಗದಲ್ಲಿಡಿ. ಮೇ ತಿಂಗಳಲ್ಲಿ ಹೈದರಾಬಾದಿನಿಂದ ಇಂಕು ತರಿಸುವಾಗ ಹಗಲು ಗಾಡಿಯಲ್ಲಿ ಬೇಡ, ರಾತ್ರಿ ಬಸ್ಸಿನ ಪಾರ್ಸೆಲ್ ಆಗಲಿ.

ಕರೆಂಟು: ಜೆಸ್ಕಾಂ ಲೈನಿನಲ್ಲಿ ವೋಲ್ಟೇಜ್ ಏರಿಳಿತ ಇರುವ ಕಡೆ ಸರ್ವೋ ಸ್ಟೆಬಿಲೈಸರ್ ಬೇಕೇ ಬೇಕು. ಯುಪಿಎಸ್ ಕೂಡ ಬೇಕು. ಪ್ರಿಂಟಿನ ನಡುವೆ ಕರೆಂಟು ಹೋದರೆ ಹಲಗೆ ಹಾಳಾಗುವುದು ಸಣ್ಣ ನಷ್ಟ. ಹೆಡ್ಡು ತನ್ನ ಮುಚ್ಚಳದ ಜಾಗಕ್ಕೆ ಹೋಗದೆ ತೆರೆದೇ ನಿಂತರೆ ಅದು ದೊಡ್ಡ ನಷ್ಟ. ಹೆಡ್ಡನ್ನು ಜಾಗಕ್ಕೆ ತಂದು ನಿಲ್ಲಿಸುವಷ್ಟಾದರೂ ಬ್ಯಾಕಪ್ ಇರಲಿ. ಮಶೀನಿಗೆ ಪ್ರತ್ಯೇಕ ಅರ್ಥಿಂಗ್ ಹಾಕಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ.

ಹಂತ 4: ಫೈಲ್ ತಯಾರಿ

ಡಿಸೈನನ್ನು ಮಶೀನಿಗೆ ಅರ್ಥವಾಗುವ ಹನಿಗಳ ಲೆಕ್ಕಕ್ಕೆ ಬದಲಿಸುವ ಸಾಫ್ಟ್‌ವೇರಿಗೆ ರಿಪ್ ಎನ್ನುತ್ತಾರೆ. ಬಣ್ಣ, ಬಿಳಿ, ವಾರ್ನಿಶ್ ಎಷ್ಟು ಬೀಳಬೇಕು ಅಂತ ಹೇಳುವುದು ಇಲ್ಲಿಯೇ.

ನಮ್ಮಲ್ಲಿ ಕೆಡುವುದು ಜಾಸ್ತಿ ಅಕ್ಷರದಲ್ಲಿ. ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಕೋರೆಲ್ (ಡಿಸೈನ್ ಸಾಫ್ಟ್‌ವೇರ್) ಫೈಲ್ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರ ಕಳಚಿ ಬೀಳುತ್ತವೆ. ಯುನಿಕೋಡ್ ಕನ್ನಡ ಹಳೇ ಕೋರೆಲ್‌ನಲ್ಲಿ ಒಡೆಯುತ್ತದೆ. ಉರ್ದು ಇನ್‌ಪೇಜ್ ಎಂಬ ಸಾಫ್ಟ್‌ವೇರಿನಿಂದ ಬರುತ್ತದೆ. ಯಾವುದೇ ಇರಲಿ, ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಅಕ್ಷರಗಳನ್ನು ಕರ್ವ್ ಮಾಡಿಸಿ, ಅಂದರೆ ಬರೀ ಆಕಾರವಾಗಿ ಬದಲಿಸಿ, ಪಿಡಿಎಫ್ ತರಿಸಿ. ಜೊತೆಗೆ ಒಂದು ಫೋಟೋ ಪ್ರತಿಯೂ ಇರಲಿ, ತಾಳೆ ನೋಡಲು. ಮರಾಠಿ, ಉರ್ದು ಓದಲು ಬರದಿದ್ದರೆ ಗಿರಾಕಿಯ ಸಹಿ ಇಲ್ಲದೆ ಪ್ರಿಂಟ್ ಬೇಡ.

ಬಿಳಿ ಇಂಕು ಈ ಮಶೀನಿನ ದೊಡ್ಡ ಶಕ್ತಿ. ಕಪ್ಪು ಅಥವಾ ಬಣ್ಣದ ಹಲಗೆಯ ಮೇಲೆ ಮೊದಲು ಬಿಳಿ, ಮೇಲೆ ಬಣ್ಣ. ಪಾರದರ್ಶಕ ಗಾಜು, ಅಕ್ರಿಲಿಕ್ಕಿಗೆ ಹಿಂಬದಿಯಿಂದ ಉಲ್ಟಾ ಚಿತ್ರ. ಅಲ್ಲಿ ಮೊದಲು ಬಣ್ಣ, ಆಮೇಲೆ ಬಿಳಿ. ಮುಂದಿನಿಂದ ನೋಡಿದಾಗ ಸರಿಯಾಗಿ ಕಾಣುತ್ತದೆ, ಕೈ ತಾಗಿ ಸವೆಯುವುದೂ ಇಲ್ಲ. ಬಿಳಿ ಪದರವನ್ನು ಬಣ್ಣಕ್ಕಿಂತ ಒಂದೆರಡು ಪಿಕ್ಸೆಲ್ ಒಳಗೆ ಎಳೆಯಿರಿ. ಇಲ್ಲದಿದ್ದರೆ ಅಕ್ಷರದ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಕನ್ನಡದ ದುಂಡು ಅಕ್ಷರಗಳಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ.

ಹಂತ 5: ಇಂಕು ಅಂಟುವಂತೆ ಮಾಡುವುದು

ಈ ಹಂತಕ್ಕೆ ಸಮಯ ಕೊಡಿ. ಮಿಕ್ಕದ್ದೆಲ್ಲ ಸರಿಯಿದ್ದು ಇದೊಂದು ತಪ್ಪಿದರೂ ಕೆಲಸ ವಾಪಸ್ ಬರುತ್ತದೆ.

ಮೊದಲು ನೀರಿನ ಪರೀಕ್ಷೆ. ವಸ್ತುವಿನ ಮೇಲೆ ಒಂದು ಹನಿ ನೀರು ಬಿಡಿ. ಹರಡಿಕೊಂಡರೆ ಇಂಕೂ ಹರಡಿ ಹಿಡಿಯುವ ಸಂಭವ ಜಾಸ್ತಿ. ಗುಂಡಾಗಿ ನಿಂತರೆ ಇಂಕೂ ಹಿಡಿಯುವುದು ಕಷ್ಟ. ಪಕ್ಕಾ ಅಳತೆಗೆ ಡೈನ್ ಪೆನ್ ಸಿಗುತ್ತದೆ. ಅದರ ಗೆರೆ ಒಡೆಯದೆ ನಿಂತರೆ ಮೇಲ್ಮೈ ಆ ಪೆನ್ನಿನ ಮೇಲೆ ಬರೆದ ಸಂಖ್ಯೆಯಷ್ಟು ಹಿಡಿಯುತ್ತದೆ ಎಂದರ್ಥ. ಸುಮಾರು 40 ಇದ್ದರೆ ಒಳ್ಳೆಯದು. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ 30ರ ಆಸುಪಾಸಿನಲ್ಲಿರುತ್ತದೆ. ಅದಕ್ಕೆ ಬೆಂಕಿಯ ಉರಿಯನ್ನು ಸರ್ರನೆ ಆಡಿಸುವುದು, ಇಲ್ಲವೇ ಅದಕ್ಕೇ ಮಾಡಿದ ಪ್ರೈಮರ್ ಹಚ್ಚುವುದು ದಾರಿ. ಪ್ರೈಮರ್ ಅಂದರೆ ವಸ್ತುವಿಗೂ ಇಂಕಿಗೂ ನಡುವೆ ಹಿಡಿತ ಕೊಡುವ ದ್ರವ. ಗಾಜಿಗೆ ಬೇರೆ, ಲೋಹಕ್ಕೆ ಬೇರೆ, ಅಕ್ರಿಲಿಕ್ಕಿಗೆ ಬೇರೆ. ಒಂದೇ ಬಾಟಲಿ ಎಲ್ಲಕ್ಕೂ ಆಗುತ್ತದೆ ಅನ್ನುವವರನ್ನು ನಂಬಬೇಡಿ.

ಗಾಜು, ಟೈಲ್ಸ್, ಸ್ಟೀಲು: ನೂಲು ಬಿಡದ ಬಟ್ಟೆಯಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಸ್ಪಿರಿಟ್ ಹಾಕಿ ಒಂದೇ ದಿಕ್ಕಿನಲ್ಲಿ ಒರೆಸಿ. ಮತ್ತೆ ಬರಿಗೈ ತಾಗಿಸಬೇಡಿ. ಬೆರಳಿನ ಜಿಡ್ಡು ಸಾಕು, ಅಲ್ಲೇ ಏಳುತ್ತದೆ. ಪ್ರೈಮರನ್ನು ತೆಳುವಾಗಿ ಹಚ್ಚಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ದಪ್ಪ ಹಚ್ಚಿದರೆ ಹಿಡಿತ ಹೆಚ್ಚುತ್ತದೆ ಅಂದುಕೊಳ್ಳುವುದು ತಪ್ಪು. ಪ್ರೈಮರ್ ಸಮೇತ ಎದ್ದು ಬರುತ್ತದೆ.

ಅಕ್ರಿಲಿಕ್: ಥಿನ್ನರ್ ಮುಟ್ಟಿಸಬೇಡಿ. ಲೇಸರಿನಲ್ಲಿ ಕತ್ತರಿಸಿದ ಮೇಲೆ ಸ್ಪಿರಿಟ್ ತಾಗಿದರೂ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬರುತ್ತವೆ. ಪ್ರಿಂಟ್ ಮೊದಲು, ಕಟಿಂಗ್ ಆಮೇಲೆ.

ಎಸಿಪಿ: ಮೇಲಿನ ಫಿಲ್ಮ್ ಕಿತ್ತ ಕೂಡಲೇ ಪ್ರಿಂಟ್ ಮಾಡಿ. ಹೊರಗೋಡೆಗೆ ಹಾಕುವ ಪಿವಿಡಿಎಫ್ ಲೇಪದ ಹಾಳೆಗೆ ಪ್ರೈಮರ್ ಇಲ್ಲದೆ ಇಂಕು ಹಿಡಿಯುವುದು ಕಷ್ಟ. ಹಾಳೆ ಯಾವ ಲೇಪದ್ದು ಅಂತ ಅಂಗಡಿಯಲ್ಲೇ ಕೇಳಿ.

ಶಹಾಬಾದ್ ಪರ್ಸಿ: ನಮ್ಮ ಭಾಗದ್ದೇ ಕಲ್ಲು, ಮನೆ ಹೆಸರಿಗೆ ಬಹಳ ಚೆಂದ ಕಾಣುತ್ತದೆ. ಆದರೆ ತಯಾರಿ ಬೇಕು. ನೀರು ಹಾಕಿ ಕೊಯ್ದು ಪಾಲಿಶ್ ಮಾಡಿರುತ್ತಾರೆ, ಒಳಗೆ ತೇವ ಇರುತ್ತದೆ. ಕೆಲವು ದಿನ ಚೆನ್ನಾಗಿ ಒಣಗಿಸಿ. ಪುಡಿಯನ್ನು ಗಾಳಿ ಹೊಡೆದು ತೆಗೆಯಿರಿ. ಮೇಣದ ಪಾಲಿಶ್ ಬೇಡ ಅಂತ ಕಲ್ಲಿನವರಿಗೆ ಮೊದಲೇ ಹೇಳಿ. ಗೋಡೆಗೆ ಕೂರಿಸುವ ಮುಂಚೆ ಹಿಂಬದಿಗೆ ನೀರು ಇಳಿಯದಂತೆ ಸೀಲರ್ ಹಚ್ಚಿ. ಇಲ್ಲದಿದ್ದರೆ ಗೋಡೆಯ ತೇವ ಹಿಂದಿನಿಂದ ಬಂದು ಇಂಕನ್ನು ಎಬ್ಬಿಸುತ್ತದೆ. ತೂಕವನ್ನೂ ಲೆಕ್ಕ ಹಾಕಿ. 25 ಮಿ.ಮೀ. ದಪ್ಪದ ಕಲ್ಲು ಒಂದು ಚದರ ಅಡಿಗೆ ಸುಮಾರು 6 ಕೆಜಿ ತೂಗುತ್ತದೆ. ಬೆಡ್ ಎಷ್ಟು ತಡೆಯುತ್ತದೆ ಅಂತ ಮಶೀನಿನ ಪುಸ್ತಕ ನೋಡಿ ಇಡಿ.

ಕೊನೆಗೆ ಅಂಟಿನ ಪರೀಕ್ಷೆ. ತುಂಡಿನ ಮೇಲೆ ಪ್ರಿಂಟ್ ಮಾಡಿ 24 ಗಂಟೆ ಬಿಡಿ. ಬ್ಲೇಡಿನಿಂದ ಆರು ಗೆರೆ ಉದ್ದಕ್ಕೆ, ಆರು ಗೆರೆ ಅಡ್ಡಕ್ಕೆ ಕೊರೆಯಿರಿ, 25 ಸಣ್ಣ ಚೌಕ ಆಗುತ್ತವೆ. ಗಟ್ಟಿ ಟೇಪ್ ಒತ್ತಿ ಹಚ್ಚಿ ಎಳೆಯಿರಿ. ಚೌಕ ಒಂದೂ ಏಳದಿದ್ದರೆ ಪಾಸ್. ಕಲ್ಲು, ಗಾಜಿಗೆ ಒಂದು ದಿನ ನೀರಲ್ಲಿ ನೆನೆಸಿ ಮತ್ತೆ ಎಳೆಯಿರಿ. ತುಂಡಿನ ಹಿಂದೆ ವಸ್ತು, ಪ್ರೈಮರ್, ತಾರೀಖು ಬರೆದು ಇಟ್ಟುಕೊಳ್ಳಿ. ಒಂದು ವರ್ಷದಲ್ಲಿ ಈ ತುಂಡುಗಳ ಪೆಟ್ಟಿಗೆಯೇ ನಿಮ್ಮ ಅಂಗಡಿಯ ಬೆಲೆಬಾಳುವ ಆಸ್ತಿಯಾಗುತ್ತದೆ.

ಹಂತ 6: ಪ್ರಿಂಟ್ ಮಾಡುವುದು

ಬೆಳಿಗ್ಗೆ ನಾಝಲ್ ಚೆಕ್ ಇಲ್ಲದೆ ಕೆಲಸ ಶುರು ಮಾಡಬೇಡಿ. ವಸ್ತುವನ್ನು ಬೆಡ್ಡಿನ ಮೇಲಿಟ್ಟು ಗಾಳಿ ಹೀರುವ ವ್ಯಾಕ್ಯೂಮ್ ಹಾಕಿ. ವಸ್ತು ಇಲ್ಲದ ಕಡೆಯ ತೂತುಗಳನ್ನು ಟೇಪಿನಿಂದ ಮುಚ್ಚಿ, ಆಗ ಹಿಡಿತ ಬಿಗಿಯಾಗುತ್ತದೆ. ಹೆಡ್ಡಿಗೂ ವಸ್ತುವಿಗೂ 1.5ರಿಂದ 2 ಮಿ.ಮೀ. ಅಂತರ ಸಾಕು. ಜಾಸ್ತಿ ಬಿಟ್ಟರೆ ಸಣ್ಣ ಅಕ್ಷರ ಮಸುಕಾಗುತ್ತದೆ.

ಇಲ್ಲೇ ಅತಿ ದುಬಾರಿ ಅಪಾಯ ಇರುವುದು. ಎತ್ತರ ಅಳೆಯುವ ಸೆನ್ಸರ್ ಒಂದೇ ಜಾಗ ನೋಡುತ್ತದೆ. ಪಾಲಿಶ್ ಮಾಡದ ಪರ್ಸಿ, ಬಾಗಿದ ಸನ್‌ಬೋರ್ಡು, ಮೂಲೆ ಎದ್ದ ಎಸಿಪಿ ಇವುಗಳಲ್ಲಿ ಎತ್ತರದ ಜಾಗ ಬೇರೆ ಕಡೆ ಇರುತ್ತದೆ. ಹೆಡ್ಡು ಹೋಗಿ ತಾಗಿದರೆ ಅಲ್ಲಿಗೆ ಮುಗಿಯಿತು. ನೇರ ಪಟ್ಟಿ ಇಟ್ಟು ಎತ್ತರದ ಬಿಂದು ನೀವೇ ಹುಡುಕಿ, ಅಲ್ಲಿ ಅಳೆಯಿರಿ.

ಇನ್ನೊಂದು ಅಪಾಯ ಹೊಳಪಿನ ವಸ್ತು. ಕನ್ನಡಿ, ಸ್ಟೀಲು, ಬಂಗಾರದ ಬಣ್ಣದ ಅಕ್ರಿಲಿಕ್ ಯುವಿ ಬೆಳಕನ್ನು ವಾಪಸ್ ಹೆಡ್ಡಿಗೇ ಹೊಡೆಯುತ್ತವೆ. ನಾಝಲಿನಲ್ಲಿ ಇಂಕು ಗಟ್ಟಿಯಾಗುತ್ತದೆ. ದೀಪದ ಶಕ್ತಿ ಇಳಿಸಿ, ಪ್ರಿಂಟ್ ಆಗದ ಹೊಳೆಯುವ ಭಾಗಕ್ಕೆ ಕಾಗದ ಮುಚ್ಚಿ, ಆಗಾಗ ನಿಲ್ಲಿಸಿ ನಾಝಲ್ ಒರೆಸಿ.

ಹಂತ 7: ದಿನದ ಆರೈಕೆ

ಬಿಳಿ ಇಂಕಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಪುಡಿ ಇರುತ್ತದೆ. ಕಲಕದೆ ಬಿಟ್ಟ ಸುಣ್ಣದ ನೀರಿನಂತೆ ಅದು ಅಡಿ ಹಿಡಿಯುತ್ತದೆ. ಇಂಕನ್ನು ಸದಾ ಕಲಕುವ, ಸುತ್ತಿಸುವ ವ್ಯವಸ್ಥೆ ಇರುವ ಮಶೀನನ್ನೇ ಕೊಳ್ಳಿ. ಅದರ ಸ್ವಿಚ್ಚನ್ನು ರಾತ್ರಿಯೂ ಆರಿಸಬೇಡಿ. ಕೆಲಸ ಇಲ್ಲದ ದಿನವೂ ಎಲ್ಲ ಬಣ್ಣದ ಒಂದು ಸಣ್ಣ ಪಟ್ಟಿ ಪ್ರಿಂಟ್ ಮಾಡಿ. ಜಾತ್ರೆಗೋ ಮದುವೆಗೋ ವಾರಗಟ್ಟಲೆ ಅಂಗಡಿ ಮುಚ್ಚುವುದಾದರೆ ಇಂಕು ತೆಗೆದು ಕ್ಲೀನಿಂಗ್ ದ್ರವ ತುಂಬಿಸಿ ಹೋಗಿ.

ಬೇರೆ ಕಂಪನಿಯ ಅಗ್ಗದ ಇಂಕು ಹಳೆಯದರ ಮೇಲೆ ಸುರಿಯಬೇಡಿ. ಎರಡು ಸೇರಿ ಪೈಪಿನಲ್ಲೇ ಗಂಟು ಕಟ್ಟಬಹುದು. ಬದಲಿಸಲೇಬೇಕಿದ್ದರೆ ಪೈಪು, ಡ್ಯಾಂಪರ್ (ಹೆಡ್ಡಿಗೆ ಮುಂಚೆ ಇಂಕು ಸೋಸುವ ಸಣ್ಣ ಡಬ್ಬಿ), ಹೆಡ್ಡು ಪೂರ್ತಿ ತೊಳೆಸಿ ಬದಲಿಸಿ.

ಹಂತ 8: ದರ ಕಟ್ಟುವುದು

ಫ್ಲೆಕ್ಸಿನ ಚದರ ಅಡಿ ಲೆಕ್ಕವನ್ನು ಇಲ್ಲಿಗೆ ತರಬೇಡಿ. 3x2 ಅಡಿ ಬೋರ್ಡ್ ಅಂದರೆ 6 ಚದರ ಅಡಿ, ಸುಮಾರು 0.56 ಚದರ ಮೀಟರ್. ಚದರ ಮೀಟರಿಗೆ ಬಣ್ಣ 10 ಮಿ.ಲೀ., ಬಿಳಿ 10 ಮಿ.ಲೀ. ಹಿಡಿಯಿರಿ. ಈ ಬೋರ್ಡಿಗೆ ಒಟ್ಟು ಸುಮಾರು 11 ಮಿ.ಲೀ. ನಿಮ್ಮ ಇಂಕು ಲೀಟರಿಗೆ 6,000 ರೂಪಾಯಿ ಅಂದುಕೊಂಡರೆ ಖರ್ಚು 66 ರೂಪಾಯಿ. ಇಷ್ಟೇನಾ ಅನಿಸುತ್ತದೆ ಅಲ್ವಾ? ಇಲ್ಲೇ ಹಲವರು ದರ ಕೆಡಿಸುತ್ತಾರೆ. ಕ್ಲೀನಿಂಗಿನಲ್ಲಿ ಹೋಗುವ ಇಂಕು, ಪ್ರೈಮರ್, ಕೆಟ್ಟ ಹಲಗೆ, ಎಸಿ ಬಿಲ್ಲು, ಒರೆಸಿ ಒಣಗಿಸುವವರ ಕೂಲಿ, ಸಾಲದ ಕಂತು, ಮುಂದೆ ಬದಲಿಸಬೇಕಾದ ಹೆಡ್ಡಿನ ಬೆಲೆ ಇವೆಲ್ಲ ಆ 66 ರೂಪಾಯಿಯ ಹೊರಗಿವೆ. ಪ್ರತಿ ತಿಂಗಳು ಹೆಡ್ಡಿಗಾಗಿ ಇಷ್ಟು ಅಂತ ಬೇರೆ ಖಾತೆಗೆ ಹಾಕಿ. ಸಣ್ಣ ವಸ್ತುವಿಗೆ ಪೀಸಿನ ಲೆಕ್ಕ ಇರಲಿ, ಒಂದೇ ಪೀಸಿಗೂ ಕನಿಷ್ಠ ದರ ಇರಲಿ. ಹೊರಗೆ ಬಿಸಿಲಲ್ಲಿ ನಿಲ್ಲುವ ಬೋರ್ಡಿಗೆ ಬಣ್ಣ ಮಾಸುವುದಿಲ್ಲ ಅಂತ ಮಾತು ಕೊಡಬೇಡಿ. ವಾರ್ನಿಶ್ ಅಥವಾ ಲ್ಯಾಮಿನೇಶನ್ನಿಗೆ ಬೇರೆ ದರ ಹೇಳಿ, ಆಯ್ಕೆ ಗಿರಾಕಿಗೆ ಬಿಡಿ.

ಹಂತ 9: ಕೆಲಸ ಮಾಡುವವರ ಆರೋಗ್ಯ

ಕ್ಯೂರ್ ಆಗದ ಇಂಕು ಚರ್ಮಕ್ಕೆ ಅಲರ್ಜಿ ತರುತ್ತದೆ. ಒಮ್ಮೆ ಬಂದ ಅಲರ್ಜಿ ಆಮೇಲೆ ಚೂರು ತಾಗಿದರೂ ಮರುಕಳಿಸುತ್ತದೆ. ಹುಡುಗರಿಗೆ ನೈಟ್ರೈಲ್ ಕೈಗವಸು ಕೊಡಿ, ಸಾಮಾನ್ಯ ರಬ್ಬರಿನದು ಸಾಲದು. ಕೈಗೆ ತಾಗಿದರೆ ಸೋಪು ನೀರಿನಲ್ಲಿ ತೊಳೆಯಬೇಕು, ಥಿನ್ನರಿನಲ್ಲಿ ಅಲ್ಲ. ಥಿನ್ನರ್ ಅದನ್ನು ಚರ್ಮದ ಒಳಗೇ ಇಳಿಸುತ್ತದೆ. ದೀಪವನ್ನು ಬರಿಗಣ್ಣಲ್ಲಿ ನೋಡಬಾರದು, ಯುವಿ ಕನ್ನಡಕ ಇರಲಿ. ಹೊರಗೆ ಗಾಳಿ ಎಳೆಯುವ ಫ್ಯಾನ್ ಇರಲಿ. ಊಟದ ತಟ್ಟೆ, ಲೋಟದ ಒಳಭಾಗಕ್ಕೆ ಪ್ರಿಂಟ್ ಮಾಡಿಕೊಡಿ ಎಂದು ಯಾರೇ ಕೇಳಿದರೂ ಬೇಡ ಅನ್ನಿ. ಉಳಿದ ಇಂಕು, ಇಂಕು ಒರೆಸಿದ ಬಟ್ಟೆಯನ್ನು ಮೋರಿಗೆ ಹಾಕಬೇಡಿ, ಸುಡಲೂ ಬೇಡಿ. ಮುಚ್ಚಳ ಇರುವ ಡಬ್ಬಿಯಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯ ಒಯ್ಯುವ ಪರವಾನಗಿ ಇರುವವರಿಗೇ ಕೊಡಿ. ಅಂಥವರ ವಿವರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿದರೆ ಸಿಗುತ್ತದೆ.